ಹೆಸರಿಟ್ಟ ಹಣ್ಣು

ಗಂಡ ಭಾವುಸಾಹೇಬರು ತೀರಿಕೊಂಡ ಮೇಲೆ ಹೀರಾಬಾಯಿಯವರು ಮನೆಯ ಬೇಲಿಗೆ ಕತ್ತರಿ ಹಾಕಗೊಡಲಿಲ್ಲ. ಅದು ಯಜಮಾನರ ಕೈಯ ಗಿಡ. ಮೂವತ್ತನಾಲ್ಕನೆಯ ಇಸವಿಯ ಮಳೆಗಾಲದಲ್ಲಿ ಕೊಲ್ಲಾಪುರದ ಸರದಾರರೊಬ್ಬರ ಬಂಗಲೆಯಿಂದ ಅದರ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಚಲಕರಂಜಿಗೆ ತಂದಿದ್ದರು. ಹಡಗು ಹತ್ತಿ ಪರದೇಶದಿಂದ ಬಂದ ಜಾತಿ, ತಿಂಗಳಿಗೊಮ್ಮೆ ಕತ್ತರಿಸಿದರೆ ಗೋಡೆಯ ಹಾಗೆ ನಿಲ್ಲುತ್ತದೆ ಎಂದಷ್ಟೇ ಅಲ್ಲಿಯ ತೋಟ ನೋಡುವ ಮಾಳಿ ಜೋತಿಬಾ ಹೇಳಿದ್ದ. ಹೆಸರು ಅವನಿಗೂ ತಿಳಿಯದು. ನೆಟ್ಟಲ್ಲೆಲ್ಲ ಕಡ್ಡಿ ಚಿಗುರಿತು. ಮಗಳನ್ನು ಕೊಟ್ಟ ಗಡಹಿಂಗ್ಲಜದ ಮನೆಗೂ ಒಂದು ಕಟ್ಟು ಹೋಯಿತು. ಕತ್ತರಿ ತಪ್ಪದೆ ಆಡುತ್ತಿದ್ದುದರಿಂದ ಆ ಗಿಡ ಹೂ ಬಿಡುತ್ತದೆಂಬುದೇ ಯಾರಿಗೂ ಗೊತ್ತಿರಲಿಲ್ಲ.

ಈಗ ಅವರು ಹೋಗಿ ವರುಷ ತುಂಬುತ್ತ ಬಂದಿತ್ತು. ಬೇಲಿ ಆಳೆತ್ತರ ಬೆಳೆದು, ಬಾಗಿ, ನೇರಳೆ ಹೂ ಬಿಟ್ಟು, ಆಮೇಲೆ ಬಂಗಾರದ ಗುಂಡಿನಂಥ ಹಣ್ಣಿನ ಗೊಂಚಲುಗಳನ್ನು ಇಳಿಬಿಟ್ಟಿತು.

"ನಿಮ್ಮ ಬ್ಯಾಲಿ ಜಡಿ ಬಿಟ್ಟೈತ್ರಿ ಬಾಯಾರ. ಇನ್ನ ಕಾವಿ ಉಡಸೂದಷ್ಟ ಬಾಕಿ," ಎಂದು ನೆರೆಮನೆಯ ನೇಕಾರ ರಾಯಪ್ಪ ನಗೆಯಾಡಿದ.

"ಬಿಡೋ ರಾಯಪ್ಪಾ. ಅವರ ಕೈಯಾಂದು, ಬೆಳೀಲಿ."

ಗಡಹಿಂಗ್ಲಜದಿಂದ ಬಂದಿದ್ದ ಪುಟ್ಟ ಮೊಮ್ಮಗಳು ಶಾಲನ ಎಂಬವಳು ಒಂದು ದಿನ ಗೊಂಚಲು ಹಿಡಿದು ಕೇಳಿದಳು: "ಆಯಿ, ಇದರ ಹೆಸರೇನ?"

ಹೆಸರು ತಿಳಿಯದ ಹಣ್ಣನ್ನು ಬಾಯಿಗೆ ಇಡಬಾರದೆಂಬ ವ್ರತ ಆ ಜೈನ ಮನೆತನದ್ದು. ಮಗುವಿಗೆ ಅದನ್ನು ಕಲಿಸಿದವರೂ ಹೀರಾಬಾಯಿಯವರೇ. ಆದರೆ ಆ ಹೊತ್ತಿಗೆ ಅವರ ಕಣ್ಣು ತುಂಬಿ ಬಂದಿತ್ತು. "ಅಜ್ಜನ ಹಣ್ಣು ಅಂತ ಅನ್ನವಾ," ಎಂದರು.

ಮರುದಿನ ಸಂಜೆ ಊಟಕ್ಕೆ ಕರೆದರೆ ಮಗು ಏಳಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒರಗಿ ತೂಕಡಿಸುತ್ತಿತ್ತು. ತುಟಿ ಊದಿತ್ತು. ಲಂಗದ ಮಡಿಲಲ್ಲಿ ಹಳದಿ ಸಿಪ್ಪೆ.

"ಏನ ತಿಂದಿ?"

"ಅಜ್ಜನ ಹಣ್ಣ."

"ಹೆಸರಿಲ್ಲದ್ದ ತಿನಬಾರದಂತ ಹೇಳಿದ್ದಿಲ್ಲೇನ ನಿನಗ?"

"ಹೆಸರ ಐತೆಲ್ಲಾ ಆಯಿ. ನೀನ ಹೇಳಿದಿ."

ಹೀರಾಬಾಯಿಯವರು ಮಗುವಿನ ಎದುರು ಕುಕ್ಕರಿಸಿದರು. ಗದ್ದ ಹಿಡಿದು ಎತ್ತಿ ನೋಡಿದರೆ ಮಗುವಿನ ಕಣ್ಣಿನ ಕರಿಬೊಟ್ಟು ಹಿಗ್ಗಿ, ತಮ್ಮನ್ನು ನೋಡಿಯೂ ನೋಡದಂತಿತ್ತು. ಣಮೋಕಾರ ಹೇಳಹೋದರು. ಜನ್ಮವೆಲ್ಲ ಹೇಳಿದ ಮಂತ್ರ, ಮೊದಲ ಸಾಲು ದಾಟಿ ಮುಂದಕ್ಕೆ ಬರಲಿಲ್ಲ. ಇವಳ ತಾಯಿಗೆ ನಾನು ಯಾವ ಬಾಯಿಂದ ಹೇಳಲಿ?

ಅವರ ಕೂಗಿಗೆ ರಾಯಪ್ಪ ಮಗ್ಗ ಬಿಟ್ಟು ಓಡಿಬಂದ. ಮಗುವನ್ನು ಹೆಗಲಿಗೆ ಹಾಕಿಕೊಂಡು ದವಾಖಾನೆಯತ್ತ ನಡೆದ. ಹೀರಾಬಾಯಿಯವರು ಬರಿಗಾಲಲ್ಲಿ ಹಿಂದೆ. ಅವನ ಬೆನ್ನ ಮೇಲೆ ಜೋಲುತ್ತಿದ್ದ ಪುಟ್ಟ ಕೈ ಒಮ್ಮೆ ಸೆಟೆದು ಮತ್ತೆ ಸಡಿಲಾಯಿತು. ಅದನ್ನು ಕಂಡು ಅವರಿಗೆ ದಾರಿಯೇ ಕಾಣಿಸಲಿಲ್ಲ.

"ಯಾವ ಹಣ್ಣ್ರಿ?" ಎಂದರು ಡಾಕ್ಟರು.

ಹೀರಾಬಾಯಿಯವರು ಮಗುವಿನ ಲಂಗಕ್ಕೆ ಅಂಟಿದ್ದ ಸಿಪ್ಪೆ ಬಿಡಿಸಿ ಮುಂದೆ ಹಿಡಿದರು.

"ಬ್ಯಾಲಿ ಗಿಡದ್ದರಿ," ಎಂದ ರಾಯಪ್ಪ.

ಉಪ್ಪುನೀರು ಕುಡಿಸಿ ಕುಡಿಸಿ ಕಾರಿಸಿದರು. ಹಳದಿ ತಿರುಳು ಬಂತು, ಮತ್ತೆ ಬಂತು, ಆಮೇಲೆ ಬರೀ ನೀರು.

"ಬರೂದು ಬಂತ್ರಿ. ಒಳಗ ಎಷ್ಟ ಇಳದೈತಿ ನನಗೂ ತಿಳೀದು. ನಿದ್ದಿ ಹತ್ತಗೊಡಬ್ಯಾಡ್ರಿ, ನೀರ ಕುಡಸ್ಕೋತ ಇರ್ರಿ."

ಹೊರಗೆ ಕತ್ತಲಾಗಿತ್ತು. ಹೀರಾಬಾಯಿಯವರು ಲೋಟವನ್ನು ಮಗುವಿನ ತುಟಿಗೆ ಹಿಡಿದರು. ಅವಳು ಮುಖ ತಿರುಗಿಸಿದಳು.

"ಹೊತ್ತ ಮುಳಗೇತಿ ಆಯಿ. ಕುಡೀಬಾರದು."

"ಇವತ್ತ ನಡೀತೈತಿ. ಕುಡಿಯವಾ."

ಮಗು ಅವರ ಮುಖವನ್ನೇ ನೋಡಿತು. "ಖರೇನ?"

ಆ ಪ್ರಶ್ನೆಯನ್ನು ಅವಳು ಆಯಿಗೆ ಹಿಂದೆಂದೂ ಕೇಳಿರಲಿಲ್ಲ. ಅವಳ ರೆಪ್ಪೆಗಳು ಮತ್ತೆ ಇಳಿಯುತ್ತಿದ್ದವು. ಮದುವೆಯಾಗಿ ಬಂದಂದಿನಿಂದ ಹೊತ್ತು ಮುಳುಗಿದ ಮೇಲೆ ಹನಿ ನೀರು ಮುಟ್ಟದ ಹೀರಾಬಾಯಿಯವರು, ಲೋಟ ಎತ್ತಿ, ಮಗು ನೋಡುವಂತೆ ಒಂದು ಗುಟುಕು ಕುಡಿದರು.

ಆಗ ಮಗು ಬಾಯಿ ತೆರೆಯಿತು.