ಡ್ರೈವರ್ ಸೀಟಿನ ಕೆಳಗಿನ ಡಬ್ಬ

ನಮ್ಮ ಯಜಮಾನರು ಇಪ್ಪತ್ತಾರು ವರ್ಷದಿಂದ ದೂರದ ಊರುಗಳಿಗೆ ಬಸ್ ಓಡಿಸುತ್ತಿದ್ದಾರೆ. ಹೊರಡುವ ಹೊತ್ತಿಗೆ ಯಾರಾದರೂ ಓಡಿಬಂದು, ಇದೊಂದು ಪಾರ್ಸೆಲ್, ಆ ಕಡೆ ನಮ್ಮವರು ಇಸಿದುಕೊಳ್ಳುತ್ತಾರೆ ಎಂದರೆ ಸಾಕು, ಅದು ಇವರ ಸೀಟಿನ ಕೆಳಗೆ ಸೇರುತ್ತಿತ್ತು. ರಸೀದಿ ಇಲ್ಲ, ವಿಳಾಸ ಇಲ್ಲ. ಒಳಗೇನಿದೆ ಎಂದು ಇವರು ಒಮ್ಮೆಯೂ ಕೇಳಿದವರಲ್ಲ. ಇನ್ನೊಬ್ಬರ ಗಂಟು ಬಿಚ್ಚಿಸುವುದು ಮರ್ಯಾದಸ್ಥರ ಕೆಲಸವಲ್ಲ ಎಂಬುದು ಇವರ ಹೆಮ್ಮೆ. ಸ್ಟ್ಯಾಂಡಿನ ಡ್ರೈವರುಗಳೆಲ್ಲರ ರೂಢಿಯೂ ಅದೇ.

ಅವತ್ತು ಅಕ್ಕ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಅವಳು ಕೋರ್ಟಿನಲ್ಲಿ ಟೈಪಿಸ್ಟ್. ಇವತ್ತು ನಾಲ್ಕು ಗಂಟೆ ಬಸ್ಸಿಗೆ ಟೋಪಿಯವನೊಬ್ಬ ಶೂ ಡಬ್ಬ ತಂದುಕೊಡುತ್ತಾನೆ, ಒಂದು ತಿಂಗಳಿಂದ ಪ್ರತಿ ವಾರ ಕೊಡುತ್ತಿದ್ದಾನೆ ಎಂದು ಇವರು ಮಾತಿಗೆ ಹೇಳಿದರು. ಅಕ್ಕ ತುತ್ತು ಅಲ್ಲಿಗೇ ನಿಲ್ಲಿಸಿದಳು.

"ಪ್ರತಿ ವಾರ ಶೂ ಕಳಿಸೋಕೆ ಆ ಕಡೆ ಇರೋನಿಗೆ ಎಷ್ಟು ಕಾಲಿದೆ?" ಎಂದಳು.

ನನಗೆ ನಗು ಬಂತು. ಇವರಿಗೆ ಬರಲಿಲ್ಲ.

ಆಮೇಲೆ ಅಕ್ಕ ಹೊಸ ಮಸೂದೆಯ ವಿಷಯ ಹೇಳಿದಳು. ಕಾರ್ಖಾನೆಯಲ್ಲಿ ರಾಸಾಯನಿಕ ಬೆರೆಸಿ ಮಾಡುವ ಅಫೀಮಿನಂಥ ಮಾದಕ ಪುಡಿ ಈಗ ಎಲ್ಲೆಡೆ ಓಡಾಡುತ್ತಿದೆಯಂತೆ. ಸಾಸಿವೆ ಕಾಳಿನಷ್ಟು ಹೆಚ್ಚಾದರೂ ಉಸಿರು ನಿಲ್ಲುತ್ತದೆ. ಅದನ್ನು ಸಾಗಿಸಿದವರಿಗೆ ಕಡ್ಡಾಯವಾಗಿ ಕನಿಷ್ಠ ಹತ್ತು ವರ್ಷ ಜೈಲು ಎನ್ನುತ್ತದೆ ಆ ಮಸೂದೆ. ಇನ್ನೂ ಪಾಸಾಗಿಲ್ಲ, ಜನರ ಅಭಿಪ್ರಾಯ ಕೇಳುತ್ತಿದ್ದಾರೆ.

ಕಳ್ಳಸಾಗಣೆದಾರರಿಗೆ ಬೇಕಾದ್ದೇ, ನನಗೇನು ಸಂಬಂಧ ಎಂದರು ಇವರು. ಇಷ್ಟು ವರ್ಷದ ಸರ್ವೀಸಿನಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ, ನನ್ನ ಮುಖ ನೋಡಿದರೇ ಜಡ್ಜ್‌ಗೆ ತಿಳಿಯುತ್ತದೆ ಎಂದರು.

"ಕನಿಷ್ಠ ಅಂದ್ರೆ ಏನು ಅಂದ್ಕೊಂಡ್ರಿ?" ಅಕ್ಕ ಕೇಳಿದಳು. "ತಪ್ಪಿತಸ್ಥ ಅಂತ ಒಂದ್ಸಲ ಆದ್ರೆ, ಜಡ್ಜ್‌ಗೆ ಪಾಪ ಅನ್ನಿಸಿದ್ರೂ ಒಂದು ದಿನ ಕಮ್ಮಿ ಮಾಡೋ ಹಾಗಿಲ್ಲ. ಗೊತ್ತಿರ್ಲಿಲ್ಲ ಅಂತೀರಿ. ಒಂದು ತಿಂಗಳು ಹೊತ್ತೋನಿಗೆ ಗೊತ್ತಿರ್ಲಿಲ್ಲ ಅಂದ್ರೆ ಯಾರು ನಂಬ್ತಾರೆ? ರಸೀದಿ ಎಲ್ಲಿ? ಕೊಟ್ಟೋನ ಹೆಸರೇನು?"

ನಾನು ಲೆಕ್ಕ ಹಾಕಿದೆ. ಹತ್ತು ವರ್ಷ ಎಂದರೆ ನಮ್ಮ ಮಗಳ ಓದು, ಮದುವೆ ಎಲ್ಲ ಇವರಿಲ್ಲದೆ ಮುಗಿದಿರುತ್ತದೆ.

ಆದರೂ ಇವರು ಅವನಿಗೆ ಮಾತು ಕೊಟ್ಟಿದ್ದೇನೆ ಎಂದು ಗೊಣಗುತ್ತಲೇ ಹೊರಟರು. ನಾನೂ ಹಿಂದೆಯೇ ಹೋದೆ. ನಾಲ್ಕಕ್ಕೆ ಸರಿಯಾಗಿ ಟೋಪಿಯವನು ಬಂದ. ಡಬ್ಬದ ತುಂಬ ಟೇಪು ಸುತ್ತಿತ್ತು. ಇವರು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡರು.

"ನೀವೇ ಬಿಚ್ಚಿ ತೋರ್ಸಿ. ನೋಡಿದ್ಮೇಲೆ ತಗೋತೀನಿ."

ನನ್ನ ಮೇಲೆ ನಂಬಿಕೆ ಇಲ್ಲವೇ ಎಂದ ಅವನು. ಇವರು ಡಬ್ಬ ಮುಟ್ಟಲಿಲ್ಲ. ಅವನು ಪಕ್ಕದ ಬಸ್ಸಿನತ್ತ ನಡೆದ. ಅದರ ಡ್ರೈವರ್ ಹೊಸಬ, ಹೋದ ತಿಂಗಳಷ್ಟೇ ಅಪ್ಪನಾದವನು. ಡಬ್ಬಕ್ಕೆ ಆಗಲೇ ಕೈ ಚಾಚಿದ್ದ.

ಒಮ್ಮೆಯೂ ಇನ್ನೊಬ್ಬರ ವಿಷಯಕ್ಕೆ ಹೋಗದ ನನ್ನ ಗಂಡ ಅವತ್ತು ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದರು. "ಬಿಚ್ಚಿ ತೋರಿಸ್ದೆ ತಗೋಬೇಡಪ್ಪ. ನಾನು ತಗೊಂಡಿಲ್ಲ."

ಆ ಹುಡುಗ ಕೈ ಕೆಳಗಿಳಿಸಿದ. ಅಲ್ಲಿದ್ದ ಏಳೂ ಬಸ್ಸಿನ ಡ್ರೈವರುಗಳು ತಿರುಗಿ ನೋಡಿದರು. ಟೋಪಿಯವನು ಡಬ್ಬವನ್ನು ಬೆಂಚಿನ ಮೇಲೆ ಬಿಟ್ಟು ಗೇಟಿನಾಚೆ ಮಾಯವಾದ. ಅದನ್ನು ಯಾರೂ ಮುಟ್ಟಲಿಲ್ಲ. ಇವರೇ ಫೋನ್ ಮಾಡಿದರು, ಪೊಲೀಸರು ಕೈಗವಸು ಹಾಕಿಕೊಂಡು ಬಂದು ಒಯ್ದರು. ಒಳಗೇನಿತ್ತೆಂದು ನಮಗೆ ಇನ್ನೂ ಹೇಳಿಲ್ಲ. ಅವನು ಹಿಂದೆ ಕೊಟ್ಟ ಡಬ್ಬಗಳ ವಿಷಯವನ್ನೂ ಇವರು ತಾವಾಗಿ ಬರೆದುಕೊಟ್ಟರು.

ಬಸ್, ಲಾರಿ, ಆಟೊ ಓಡಿಸುವ ಅಣ್ಣಂದಿರೇ, ಬೇರೆ ಊರಿಗೆ ಹೊರಟ ಅಕ್ಕಂದಿರೇ, ಕಣ್ಣಾರೆ ಕಾಣದ್ದನ್ನು ಹೊರಬೇಡಿ. ಕೊಟ್ಟವರೇ ಬಿಚ್ಚಿ ತೋರಿಸಲಿ. ಅನುಮಾನ ಬಂದರೆ ಮುಟ್ಟದೆ ಪೊಲೀಸರಿಗೆ ತಿಳಿಸಿ. ಮಸೂದೆಯನ್ನು ಯಾರಿಂದಲಾದರೂ ಓದಿಸಿ ಕೇಳಿ, ಅಭಿಪ್ರಾಯ ಬರೆದು ಕಳಿಸಿ. ವಿಷ ಮಾರುವವನಿಗೆ ಶಿಕ್ಷೆ ಗಟ್ಟಿಯಾಗಲಿ, ತಿಳಿಯದೆ ಹೊತ್ತವನಿಗೆ ಹೇಳಿಕೊಳ್ಳಲು ದಾರಿಯಿರಲಿ ಎಂದು ನಾವಿಬ್ಬರೂ ಬರೆದಿದ್ದೇವೆ. ನೀವೂ ಬರೆಯಿರಿ. ನಾಳೆ ನಿಮ್ಮ ಕೈಗೂ ಒಂದು ಡಬ್ಬ ಬರಬಹುದು.