ಮುತ್ಲಕ್ ಮುಟ್ಟದ ಬಟ್ಟಲು

ಮಳೆಗಾಲ ನೋಡಲು ಒಮಾನಿನ ಸಲಾಲಾಕ್ಕೆ ಯಾವ ದಾರಿಯಲ್ಲಿ ಹೋಗಬೇಕೆಂದು ಗಂಡಸರು ಜಗಳವಾಡುವುದನ್ನು ಹೆಸ್ಸಾ ಮದುವೆಯಾಗಿ ಬಂದಾಗಿನಿಂದ ಕೇಳುತ್ತಲೇ ಇದ್ದಳು. ಆಗೆಲ್ಲ ಜಗಳ ಶುರುಮಾಡುತ್ತಿದ್ದವನು ಅವಳ ಗಂಡ ಬದ್ದಾಹ್. ಕಳೆದ ಚಳಿಗಾಲದಲ್ಲಿ ಅವನು ತೀರಿಕೊಂಡ. ಜಗಳ ಮಾತ್ರ ನಿಂತಿಲ್ಲ. ಕುವೈತಿನ ಜಹ್ರಾದ ಅದೇ ಮನೆಯಲ್ಲಿ, ಅದೇ ಜಮಖಾನದ ಮೇಲೆ ನಕ್ಷೆ ಹರಡಿಕೊಂಡು ಅವನ ಅಣ್ಣ ಮುತ್ಲಕ್ ಮತ್ತು ಅಣ್ಣನ ಮಗ ಮಿಷಾರಿ ಕೂತಿದ್ದರು.

“ಹುಫೂಫ್ ದಾಟಿ ಸೀದಾ ರುಬ್ ಅಲ್ ಖಾಲಿ ಮರಳುಗಾಡಿಗೆ ಇಳಿದುಬಿಡೋಣ ಅಪ್ಪ,” ಎಂದ ಮಿಷಾರಿ. “ಹೊಸ ರಸ್ತೆ ಒಮಾನಿಗೇ ಹೋಗುತ್ತೆ. ಎಮಿರೇಟ್ಸ್ ಸುತ್ಕೊಂಡು ಹೋಗೋದ್ಯಾಕೆ? ಒಂದು ಗಡಿ ಉಳಿಯುತ್ತೆ.”

“ಉಳಿಯೋದು ಗಡಿಯಲ್ಲ ಕಣೋ, ನಿನ್ನ ಹೆಣ. ಆ ಮರಳಲ್ಲಿ ಗಾಡಿ ಕೆಟ್ರೆ ಯಾರನ್ನ ಕರೀತೀಯ, ನಿಮ್ಮತ್ತೇನಾ?”

“ಅತ್ತೆ ಬೇಗ ಬರ್ತಾರೆ, ಬೈಯೋ ಕೆಲಸ ಇದ್ರೆ.”

ಹೆಣ ಎಂಬ ಮಾತು ಬಾಯಿತಪ್ಪಿ ಬಂದದ್ದಕ್ಕೆ ಮುತ್ಲಕ್ ನಾಲಿಗೆ ಕಚ್ಚಿಕೊಂಡು ಅವಳತ್ತ ನೋಡಿದ. ಹೆಸ್ಸಾಗೆ ಏನೂ ಅನ್ನಿಸಲಿಲ್ಲ. ಮಿಷಾರಿ ತನ್ನ ಅತ್ತೆಯ ಬಗ್ಗೆ ಆಡಿದ ಮಾತಿಗೆ ನಗಬೇಕಿತ್ತು, ನಕ್ಕಳು. ಈಚೆಗೆ ಎಲ್ಲವೂ ಹೀಗೇ. ಹೊತ್ತಾದಾಗ ಉಣ್ಣುತ್ತಿದ್ದಳು, ಕತ್ತಲಾದಾಗ ಮಲಗುತ್ತಿದ್ದಳು. ಕಲ್ಲಿನಂಥ ಹೆಂಗಸೆಂದು ನೆಂಟರು ಆಡಿಕೊಂಡರು. ಅದಕ್ಕೂ ಅವಳಿಗೆ ಬೇಜಾರಾಗಿರಲಿಲ್ಲ.

ಅಂಗಳದಲ್ಲಿ ಹೊದಿಕೆ ಹೊದ್ದು ನಿಂತ ಬದ್ದಾಹ್‌ನ ಜೀಪಿನ ಮೇಲೆ ಇವರಿಬ್ಬರ ಕಣ್ಣಿದೆಯೆಂದು ಅವಳು ಲೆಕ್ಕ ಹಾಕಿದ್ದಳು. ಈಗ ಅದು ಅವಳ ಹೆಸರಿನಲ್ಲಿತ್ತು. ಅವಳ ಒಪ್ಪಿಗೆ ಪತ್ರವಿಲ್ಲದೆ ಬೇರೆಯವರು ಅದರಲ್ಲಿ ಗಡಿ ದಾಟುವಂತಿರಲಿಲ್ಲ. ಪತ್ರ ಮಾಡಿಸಿ, ಬೀಗದ ಕೈಯ ಜೊತೆ ತಂದಿಟ್ಟುಕೊಂಡಿದ್ದಳು. ಒಯ್ಯಲಿ, ತನ್ನನ್ನು ತನ್ನ ಪಾಡಿಗೆ ಬಿಡಲಿ. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಕಾಫಿ ಬಗ್ಗಿಸಿ ಭಾವನಿಗೆ ಮೊದಲು ಕೊಟ್ಟಳು. ಮುತ್ಲಕ್ ಬಟ್ಟಲನ್ನು ತುಟಿಗೆ ತಗುಲಿಸದೆ ಮುಂದೆ ನೆಲದ ಮೇಲಿಟ್ಟು ಕೈಕಟ್ಟಿ ಕೂತ. ಮಿಷಾರಿ ನಕ್ಷೆ ಮಡಚಿಟ್ಟ.

ದೊಡ್ಡ ಬೇಡಿಕೆ ಇದ್ದವರು ಹೀಗೆ ಮಾಡುತ್ತಾರೆ. ಮನೆಯವರು ಮಾತು ಕೊಡುವ ತನಕ ಬಟ್ಟಲು ಮುಟ್ಟುವುದಿಲ್ಲ. ಹೆಣ್ಣು ಕೇಳಲು ಬಂದವರು, ಕೊಲೆಗೆ ಕ್ಷಮೆ ಕೇಳಲು ಬಂದವರು ಹೀಗೆ ಕೂರುವುದುಂಟು. ಒಂದು ಜೀಪಿಗೆ ಇಷ್ಟೆಲ್ಲ ನಾಟಕವೇ ಎಂದುಕೊಂಡಳು ಹೆಸ್ಸಾ.

“ಕುಡೀರಿ ಭಾವ. ನೀವು ಕೇಳೋದು ಏನೇ ಇರ್ಲಿ, ಆಯ್ತು ಅಂದ್ಕೊಳ್ಳಿ.”

ಕೇಳುವ ಮೊದಲೇ ಒಪ್ಪಿಬಿಡುವುದು ಈ ಜನರ ದೊಡ್ಡಸ್ತಿಕೆ. ದಡ್ಡತನವೂ ಅದೇ.

ಮುತ್ಲಕ್ ಒಂದೇ ಗುಟುಕಿಗೆ ಕುಡಿದು ಮುಗಿಸಿದ. “ಹಾಗಾದ್ರೆ ಬಟ್ಟೆ ಕಟ್ಕೋ. ಜೀಪು ನೀನೇ ಓಡಿಸ್ಬೇಕು. ನಮ್ಮನೆಯವಳು ನಿನ್ನ ಪಕ್ಕ ಕೂರ್ತಾಳೆ. ನಾವು ಹಿಂದೆ ನಮ್ಮ ಗಾಡೀಲಿ ಬರ್ತೀವಿ.”

“ಬೀಗದ ಕೈ ತಂದಿಟ್ಟಿದೀನಲ್ಲ ಭಾವ. ನೀವೇ ತಗೊಂಡು ಹೋಗಿ.”

“ಅದ್ಯಾರಿಗೆ ಬೇಕು? ನನ್ನ ತಮ್ಮ ಮಳೆ ತೋರಿಸ್ತೀನಿ ಅಂತಿದ್ದಿದ್ದು ನಿನಗೆ. ಜೀಪಿಗಲ್ಲ.”

“ಅಪ್ಪ ಕಾಫಿ ಕುಡಿದಾಯ್ತು ಚಿಕ್ಕಮ್ಮ,” ಎಂದ ಮಿಷಾರಿ, ನಗು ತಡೆದುಕೊಂಡು. “ಕುಡಿದದ್ದು ಇನ್ನು ವಾಪಸ್ ಬರಲ್ಲ.”

ಅವರು ಹೋದ ಮೇಲೆ ಹೆಸ್ಸಾ ಅಂಗಳಕ್ಕಿಳಿದು ಜೀಪಿನ ಹೊದಿಕೆ ತೆಗೆದಳು. ಗಾಡಿ ಓಡಿಸಲು ಬರುತ್ತಿದ್ದರೂ, ಬದ್ದಾಹ್ ಇರುವಾಗ ಅವಳು ಅದನ್ನು ಓಡಿಸಿದವಳಲ್ಲ. ಹತ್ತಿ ಕೂತಳು. ಕಾಲಿಗೆ ಬ್ರೇಕು ಎಟುಕಲಿಲ್ಲ. ಬದ್ದಾಹ್ ಉದ್ದನೆಯ ಆಳು. ಸೀಟು ಅವನ ಕಾಲಿಗೆ ತಕ್ಕಂತೆ ಹಿಂದಕ್ಕಿತ್ತು, ಅವನು ಇಳಿದು ಹೋದಾಗ ಇದ್ದಂತೆಯೇ. ಅವನ ಬಟ್ಟೆಬರೆ ದಾನ ಮಾಡಿಯಾಗಿತ್ತು. ಅವನ ಅಳತೆ ಉಳಿದಿದ್ದುದು ಇಲ್ಲಿ ಮಾತ್ರ.

ಸೀಟಿನಡಿಯ ಹಿಡಿಕೆ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಆದರೆ ಮಾತು ಕೊಟ್ಟಾಗಿತ್ತು. ಎಳೆದಳು. ಸೀಟು ಮುಂದೆ ಸರಿದು, ಕಾಲು ಬ್ರೇಕಿಗೆ ತಾಗಿತು.

ನೋವಾಯಿತು. ಅವನು ಹೋದ ಮೇಲೆ ಅವಳಿಗೆ ನೋವಾದದ್ದು ಅದೇ ಮೊದಲು.