ಎರವಲು ದನಿ

ಪೆಟ್ಟಿಗೆಯ ಕೊನೆಯ ಸ್ಕ್ರೂ ಬಿಗಿದುಕೊಂಡಿತ್ತು. ಬಡಗಿ ಮೈಭಾರವೆಲ್ಲ ಹಾಕಿ ತಿರುಗಿಸಿದ. ಕದಲಲಿಲ್ಲ.

"ಸುತ್ತಿಗೇಲಿ ಒಂದು ಕೊಡ್ಲಾ?"

"ಒಳಗಿರೋದು ಹಳೇ ಬಟ್ಟೆ ಅಲ್ಲಪ್ಪ, ನಮ್ಮ ಭಾವ," ಎಂದರು ಮನೆಯ ಮಗಳ ಸೋದರಮಾವ. ಗೋಡೆಗೆ ಒರಗಿ ನಿಂತಿದ್ದ ಯಾರೋ ನಗಲು ಹೋಗಿ ಕೆಮ್ಮಿದರು.

"ಸುತ್ತಿಗೆ ಬೇಡ. ನಿಧಾನ ಮಾಡಿ."

ಆ ಮಾತು ಬಂದದ್ದು ಬಾಗಿಲ ಕಡೆಯಿಂದ. ಆದರೆ ಯಾರೂ ಬಾಗಿಲ ಕಡೆ ನೋಡಲಿಲ್ಲ. ಎಲ್ಲರೂ ಪೆಟ್ಟಿಗೆಯನ್ನೇ ನೋಡಿದರು. ಬಡಗಿ ಕೈ ಹಿಂದಕ್ಕೆಳೆದುಕೊಂಡ. ಸತ್ತವನ ಅಕ್ಕನ ಕೈಯಿಂದ ನೀರಿನ ಲೋಟ ಜಾರಿ ನೆಲದ ಮೇಲೆ ಉರುಳಿತು. ಅದು ಪೆಟ್ಟಿಗೆಯೊಳಗೆ ಮಲಗಿದ್ದವನ ದನಿ. ಊರಿನ ದೊಡ್ಡ ಟಾಕೀಸಿನಲ್ಲಿ ಇವರೆಲ್ಲ ಎಷ್ಟೋ ಸಲ ಕೇಳಿದ್ದ, ಎದೆಗೂಡಿನ ತಳದಿಂದ ಏಳುವ ದನಿ.

ಬಾಗಿಲಲ್ಲಿ ಗಿಡ್ಡನೆಯ ಬೋಳುತಲೆಯ ಮುದುಕನೊಬ್ಬ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಪೆಟ್ಟಿಗೆ ಜೊತೆ ಬಂದವನು ನಾನೇ," ಎಂದ. ಒದ್ದೆ ನೆಲದ ಮೇಲೆ ಕಾಲಿಡುವ ಹಾಗೆ ಒಂದೊಂದೇ ಪದ ಇಡುತ್ತಿದ್ದ. "ಅಲ್ಲಿ, ನಮ್ಮ ದೇಶದ ಸಿನಿಮಾದಲ್ಲಿ, ಇವರ ಮಾತು ಆಡ್ತಿದ್ದದ್ದು ನಾನು."

"ಏನಂದ್ರಿ?" ಅಕ್ಕ ಎದ್ದು ನಿಂತರು. "ನನ್ನ ತಮ್ಮನ ದನಿ ನನಗೆ ಗೊತ್ತಿಲ್ವಾ? ನಾಟಕದಲ್ಲಿ ಕೊನೇ ಬೆಂಚಿಗೂ ಕೇಳ್ತಿತ್ತು."

"ನಾಟಕದ್ದು ಅವರದೇ, ಅಮ್ಮ. ಸಿನಿಮಾದ್ದು ನನ್ನದು. ಹೋಲುತ್ತೆ ಅಂತಲೇ ನನ್ನನ್ನ ಆರಿಸಿದ್ರು."

ಅಕ್ಕ ಮೆಲ್ಲಗೆ ಕೂತರು. ಊರಿಗೆಲ್ಲ ತಾನು ಹೊಗಳಿಕೊಂಡು ತಿರುಗಿದ್ದು ಈ ಬೋಳುತಲೆಯವನ ಗಂಟಲನ್ನು ಎನ್ನುವುದು ಅವರ ಮುಖದಲ್ಲಿ ನಿಧಾನಕ್ಕೆ ಇಳಿಯಿತು.

ಸತ್ತವನ ಹೆಂಡತಿ ಮಾತ್ರ ಗೋಡೆಯ ಬದಿಯಲ್ಲಿ ಕೂತಿದ್ದವಳು ಹಾಗೇ ಇದ್ದಳು. ಅವಳ ಕಿವಿ ಹೋಗಿದ್ದು ಬಾಣಂತಿ ಜ್ವರದಲ್ಲಿ. ಮಗಳು ಅಡುಗೆಮನೆಯಲ್ಲಿದ್ದಳು. ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು: "ಬದುಕಿದ್ದಾಗ ಬರಬೇಕು ಅನ್ನಿಸದೇ ಇದ್ದವರ ಮುಖ ನಾನು ಈಗ ನೋಡಲ್ಲ."

*

ನಾಟಕದ ದಿನಗಳಲ್ಲಿ ಹೆಂಡತಿ ಮೊದಲ ಸಾಲಿನಲ್ಲೇ ಕೂರುತ್ತಿದ್ದಳು. ಗಂಡನ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಮನೆಯಲ್ಲಿ ಅವನು ದನಿಯನ್ನೇ ತೆಗೆಯುತ್ತಿರಲಿಲ್ಲ. ಗಂಡ ಹೆಂಡಿರು ಬರೀ ತುಟಿಯಲ್ಲಿ ಹರಟುತ್ತಿದ್ದರು, ಬರೀ ತುಟಿಯಲ್ಲಿ ಜಗಳವಾಡುತ್ತಿದ್ದರು. ಆ ಮನೆಯಲ್ಲಿ ಬೆಳೆದ ಮಗಳಿಗೂ ಆ ಓದು ಬರುತ್ತಿತ್ತು.

ಹೊರದೇಶದ ಸಿನಿಮಾ ಕಂಪನಿಯಿಂದ ಕರೆ ಬಂದಾಗ ಹೆಂಡತಿ ಬೇಡವೆಂದಳು. ಅವನು ಹೊರಟೇಬಿಟ್ಟ. ಕಿವುಡರ ಗಟ್ಟಿ ದನಿಯಲ್ಲಿ, ಬೀದಿಗೆಲ್ಲ ಕೇಳುವಂತೆ, ಅವಳು ಕೂಗಿದಳು:

"ಹೋದ್ರೆ ಹೋಗು! ನಾನಾಗಿ ನಾನು ಬಾ ಅಂತ ಕರೆಯಲ್ಲ!"

ಅವನು ಹೊಸ್ತಿಲಲ್ಲಿ ತಿರುಗಿದ. ನೀನು ಕರೆಯೋವರೆಗೂ ನಾನೂ ಬರಲ್ಲ, ಎಂದವು ತುಟಿಗಳು. ನಗುತ್ತಿದ್ದ. ಆಟದ ಮಾತು ಎಂದೇ ಇಬ್ಬರೂ ತಿಳಿದರು.

ಫೋನಿನಲ್ಲಿ ಅವಳ ಜೊತೆ ಮಾತಾಡುವಂತಿರಲಿಲ್ಲ. ಮಗಳು ತೆಗೆದುಕೊಳ್ಳುತ್ತಿದ್ದಳು. "ಯಾವಾಗ ಬರ್ತೀಯಪ್ಪ?" "ಶೂಟಿಂಗ್ ಇದೆ ಪುಟ್ಟಿ." ಒಂದು ವಯಸ್ಸಿನಲ್ಲಿ ಅವಳು ಕೇಳುವುದನ್ನು ಬಿಟ್ಟಳು.

ಸಿನಿಮಾಗಳು ಮಾತ್ರ ಬರುತ್ತಿದ್ದವು. ಅವನಿಗೆ ಸಿಗುತ್ತಿದ್ದದ್ದು ಒಂದೇ ಪಾತ್ರ. ಬಾಗಿಲು ತೆರೆದು ಒಳಗೆ ಬರುತ್ತಾನೆ, ನಾಲ್ಕು ಮಾತಾಡುತ್ತಾನೆ, ಯಾರೋ ಸಾಯುತ್ತಾರೆ. ಗೋಡೆಯಷ್ಟು ಎತ್ತರದ ಆ ಮುಖದ ಕೆಳಗೆ, ಮೊದಲ ಸಾಲಿನಲ್ಲಿ, ಹೆಂಡತಿ ಕತ್ತು ಹಿಂದಕ್ಕೆ ಚೆಲ್ಲಿ ಕೂತಿರುತ್ತಿದ್ದಳು. ಪಕ್ಕದಲ್ಲಿ ಕೂತ ಅವನ ಅಕ್ಕ, ಮಗಳ ತೊಡೆ ತಟ್ಟುತ್ತಿದ್ದರು. "ದನಿ ಕೇಳೇ ನಿಮ್ಮಪ್ಪಂದು! ಗುಡುಗು!"

*

"ನೀವು ಒಂದು ಸಲ ಅವರ ಮುಖ ನೋಡ್ಬೇಕು," ಎಂದ ಮುದುಕ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಮಗಳು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಚಿಕ್ಕಂದಿನಲ್ಲಿ ಈ ದನಿಗೆ ಹೆದರಿ ಅವಳು ಟಾಕೀಸಿನ ಕುರ್ಚಿಯಡಿ ಕೂತದ್ದಿತ್ತು.

"ಆ ದನೀಲಿ ನನಗೆ ಬುದ್ಧಿ ಹೇಳ್ಬೇಡಿ."

"ಇರೋದು ಇದೊಂದೇ ದನಿ, ಏನು ಮಾಡ್ಲಿ?" ಅವನು ಟೋಪಿಯ ಅಂಚು ಸವರಿದ. "ಅವರ ಉಚ್ಚಾರ ಅಲ್ಲಿ ನಡೀಲಿಲ್ಲ. ಬರೀ ತುಟಿ ಆಡ್ಸು, ಒಂದು ಎರಡು ಅಂತ ಎಣಿಸ್ತಾ ಹೋಗು, ಮಾತು ಆಮೇಲೆ ಹಾಕ್ಕೊಳ್ತೀವಿ ಅಂದ್ರು ಕಂಪನಿಯವರು. ಅವರ ತುಟಿಗೆ ಸರಿಯಾಗಿ ಮಾತು ಕೂರಿಸೋದು ನನ್ನ ಕೆಲಸ. ಒಂದೇ ತುಂಡನ್ನ ಮತ್ತೆ ಮತ್ತೆ ನೋಡ್ತಿದ್ದೆ. ಒಂದು ದಿನ ಗೊತ್ತಾಯ್ತು, ಇದು ಎಣಿಕೆ ಅಲ್ಲ."

"ಮತ್ತೇನು?"

"ನಿಮ್ಮಪ್ಪನ್ನೇ ಕೇಳ್ದೆ. ನಕ್ಕು ಸುಮ್ಮನಾದ್ರು. ಅದಕ್ಕೇ ನಿಮ್ಮ ಭಾಷೆ ಕಲಿತೆ."

"ಅಷ್ಟಕ್ಕೆ ಒಂದು ಭಾಷೆ ಕಲಿತ್ರಾ?"

"ದಿನಾ ನೋಡೋ ಬಾಯಿ, ಅಮ್ಮ. ಏನು ಹೇಳ್ತಿದೆ ಅಂತ ತಿಳೀದೆ ನಿದ್ದೆ ಬರುತ್ತಾ?"

ಅವನು ದನಿ ನಿಲ್ಲಿಸಿದ. ಮುಖ ಗಡುಸಾಯಿತು, ಹುಬ್ಬು ಕೆಳಗಿಳಿಯಿತು. ಸಿನಿಮಾದ ಕೊಲೆಗಾರನ ಮುಖ. ತುಟಿಗಳು ಮಾತ್ರ ಆಡಿದವು. ಮಗಳು ಓದಿದಳು.

ಇವಳೇ, ಒಂದು ಸಲ ಬಾ ಅನ್ನೇ. ಬಂದುಬಿಡ್ತೀನಿ.

"ಪ್ರತಿ ಸಿನಿಮಾದಲ್ಲೂ," ಎಂದ ಅವನು.

ಮಗಳು ಒಲೆ ಆರಿಸಿದಳು. "ಎಲ್ಲಾ ಸಿನಿಮಾನೂ ನೋಡಿದ್ದೀನಿ. ತುಟಿ ಓದೋಕೆ ಬರುತ್ತೆ ನನಗೆ. ಆದ್ರೆ ನಾನು ಕೇಳಿಸ್ಕೊಳ್ತಾ ಕೂತಿದ್ದೆ. ದನಿ ಅಷ್ಟು ಜೋರಾಗಿತ್ತು."

ಆಮೇಲೆ, ಆ ಟಾಕೀಸಿನಲ್ಲಿ ಕೇಳಿಸಿಕೊಳ್ಳದೇ ಇದ್ದವಳು ಒಬ್ಬಳೇ ಎಂಬುದು ಅವಳಿಗೆ ಹೊಳೆಯಿತು.

ಹೊರಗೆ ಬಂದು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು, ತನ್ನ ತುಟಿ ಕಾಣುವ ಹಾಗೆ.

"ಅಮ್ಮ, ಅಪ್ಪ ಕೇಳ್ತಿದ್ದದ್ದು ನಿನಗೆ ಗೊತ್ತಿತ್ತಾ?"

"ಮೊದಲನೇ ಸಿನಿಮಾದಿಂದ." ತಾಯಿಯ ದನಿ ಮನೆಯಿಡೀ ಕೇಳಿಸಿತು.

"ಮತ್ತೆ ಯಾಕೆ ಕರೀಲಿಲ್ಲ?"

"ಆ ಮುಖ ನೋಡಿದ್ಯಾ ನೀನು? ಯಾವನದೋ ಕತ್ತು ಹಿಸುಕ್ತಾ ಕೇಳ್ತಿದ್ದ. ಬೇಡ್ಕೊಳ್ತಿದ್ದಾನೋ, ಹೆದರಿಸ್ತಿದ್ದಾನೋ? ನಿಮಗೆಲ್ಲ ದನಿ ಇದೆ, ದನಿಯಿಂದ ತಿಳಿಯುತ್ತೆ. ನನಗೆ ಬರೀ ಮುಖ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಮುಂದಿನದ್ರಲ್ಲಿ ಒಳ್ಳೇ ಮುಖ ಇಟ್ಕೊಂಡು ಕೇಳ್ತಾನೆ, ಆಗ ಕರೆಯೋಣ ಅಂದ್ಕೊಂಡೆ. ಪ್ರತಿ ಸಲ ಮುಂದಿನದ್ರಲ್ಲಿ ಅಂದ್ಕೊಂಡೆ."

ಮಗಳು ತಾಯಿಯ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಡಿಸಿದಳು. ತಾಯಿ ಅವಳ ತುಟಿಯನ್ನೇ ನೋಡುತ್ತಿದ್ದಳು, ಕಾಯುತ್ತ.

ಸ್ಕ್ರೂ ಕಿರ್ ಎಂದು ಬಿಟ್ಟುಕೊಂಡಿತು. "ಬಂತು," ಎಂದ ಬಡಗಿ. ಸೋದರಮಾವನೂ ಅವನೂ ಸೇರಿ ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದರು. "ಗಾಡಿ ಬಂದು ನಿಂತಿದೆ. ನೋಡೋರು ಬೇಗ ನೋಡ್ಕೊಂಡುಬಿಡಿ," ಎಂದರು ಸೋದರಮಾವ, ಯಾರ ಕಡೆಯೂ ನೋಡದೆ.

ಮಗಳು ತಾನೇ ಮೊದಲು ಹೋಗಿ ಪೆಟ್ಟಿಗೆಯ ಕಾಲ ಬದಿಯಲ್ಲಿ ನಿಂತು ನೋಡಿದಳು. ಕೊಲೆಗಾರನೂ ಅಲ್ಲ, ನಾಟಕದವನೂ ಅಲ್ಲ. ಯಾವ ಬಣ್ಣವೂ ಇಲ್ಲದ, ಗಡ್ಡ ಸರಿಯಾಗಿ ಹೆರೆಯದ, ದಣಿದ ಒಬ್ಬ ಗಂಡಸು.

ತಾಯಿ ಗೋಡೆ ಹಿಡಿದು ಎದ್ದಳು. ಪೆಟ್ಟಿಗೆಯ ತಲೆಯ ಬಳಿ ಬಂದು, ಆ ಮುಖವನ್ನು ಬಹಳ ಹೊತ್ತು ನೋಡಿ, ಬಾಗಿದಳು. ತುಟಿಗಳು ಕೂಡಿದವು, ಬಿಟ್ಟವು. ಸದ್ದಿಲ್ಲ. ಮತ್ತೆ ಕೂಡಿದವು.

ಎದುರಿಗೆ ನಿಂತಿದ್ದ ಮುದುಕನ ಕಣ್ಣು ಅವಳ ಬಾಯಿಯ ಮೇಲೆ ನೆಟ್ಟಿತ್ತು. ಆಡುವ ತುಟಿ ಕಂಡಲ್ಲೆಲ್ಲ ದನಿ ಕೂರಿಸಿಯೇ ಬದುಕಿದವನು. ಅವನು ತಡೆಯುವ ಮೊದಲೇ ಮಾತು ಹೊರಗೆ ಬಂದಿತ್ತು.

"ಬಾ," ಎಂದಿತು ಸತ್ತವನ ದನಿ.

ಅಕ್ಕ ಕಿರುಚಲು ಹೋಗಿ ಬಾಯಿಗೆ ಸೆರಗು ಒತ್ತಿಕೊಂಡರು. ಪೆಟ್ಟಿಗೆಯೊಳಗಿಂದಲೇ ಕರೆ ಬಂದ ಹಾಗೆ, ಮಗಳು ತಾಯಿಯ ತೋಳನ್ನು ಹಿಡಿದು ಹಿಂದಕ್ಕೆಳೆದಳು. ಏನೂ ಕೇಳಿಸದ ಅವಳು ಆ ಕೈಯನ್ನು ಬಿಡಿಸಿಕೊಂಡು, ಪೆಟ್ಟಿಗೆಯೊಳಗೆ ಇನ್ನಷ್ಟು ಬಾಗಿದಳು.